ನಾಯಿ, ಗುಲಾಬಿ, ಕೆಂಪು ಹಾಸಿಗೆ: ಟಿಶಿಯನ್‌ನ ವೀನಸ್ ಚಿತ್ರವನ್ನು ಓದುವ ಬಗೆ

ಪ್ರಶ್ನೆ: ನಾನು ಚಿತ್ರಕಲಾ ಪದವಿಯ ವಿದ್ಯಾರ್ಥಿನಿ. ಹದಿನಾರನೆಯ ಶತಮಾನದ ವೆನಿಸ್ಸಿನ ಚಿತ್ರಕಾರ ಟಿಶಿಯನ್‌ನ ‘ಉರ್ಬಿನೊದ ವೀನಸ್’ ಚಿತ್ರದ ಬಗ್ಗೆ ಪ್ರಬಂಧ ಬರೆಯಬೇಕಾಗಿದೆ. ನಾಯಿ ಎಂದರೆ ನಿಷ್ಠೆ, ಗುಲಾಬಿ ಎಂದರೆ ಪ್ರೇಮ, ಬಿಳಿ ಎಂದರೆ ಪಾವಿತ್ರ್ಯ, ಕೆಂಪು ಎಂದರೆ ಕಾಮ ಎಂದು ತರಗತಿಯ ಟಿಪ್ಪಣಿಯಲ್ಲಿದೆ. ಇದು ಮದುವೆಯ ಚಿತ್ರ ಎಂದು ಒಂದೆಡೆ ಓದಿದೆ. ಅವಳು ದೇವತೆಯೂ ಅಲ್ಲ, ವಧುವೂ ಅಲ್ಲ, ವೆನಿಸ್ಸಿನ ಗಣಿಕೆ ಎಂದು ಇನ್ನೊಂದೆಡೆ ಓದಿದೆ. ಯಾವುದನ್ನು ನಂಬಲಿ? ಇನ್ನೊಂದು ಸಂದೇಹ: ಅವಳ ಬೆನ್ನ ಹಿಂದೆ ಅರ್ಧ ಚಿತ್ರವನ್ನು ಕಡುಗಪ್ಪು ಬಣ್ಣದಿಂದ ಮುಚ್ಚಿರುವುದು ಏಕೆ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಒಳ್ಳೆಯದು. ನಾಯಿ, ಗುಲಾಬಿಗಳ ಅರ್ಥ ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ಆ ಕಪ್ಪು ಅಲ್ಲೇಕಿದೆ ಎಂದು ಕೇಳುವವರು ಚಿತ್ರವನ್ನು ನಿಜಕ್ಕೂ ನೋಡಿದವರು. ಹಾಗಾಗಿ ಬಣ್ಣದಿಂದ ಆರಂಭಿಸಿ ಸಂಕೇತಗಳಿಗೆ ಬರುತ್ತೇನೆ. ಈ ಚಿತ್ರದಲ್ಲಿ ಯಾವ ವಸ್ತುವಿಗೆ ಯಾವುದರೊಡನೆ ನಂಟು ಎಂಬುದನ್ನು ಟಿಶಿಯನ್ ಬಣ್ಣದಲ್ಲಿಯೇ ತೋರಿಸಿದ್ದಾನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಕಡೆಗಣಿಸಿ ಒಂದೊಂದು ವಸ್ತುವಿಗೂ ಒಂದೊಂದು ಅರ್ಥ ಹಚ್ಚುತ್ತ ಹೋದರೆ ಪಟ್ಟಿ ಬೆಳೆಯುತ್ತದೆ, ಚಿತ್ರ ಮಾತ್ರ ಕೈಗೆ ಸಿಗುವುದಿಲ್ಲ.

ಚಿತ್ರವನ್ನು ಕಾಣದ ಓದುಗರಿಗಾಗಿ ಒಂದೆರಡು ವಿವರ. ವೀನಸ್ ಎಂದರೆ ಪ್ರಾಚೀನ ರೋಮನ್ನರ ಪ್ರೇಮದೇವತೆ. 1538ರಲ್ಲಿ ಮುಗಿದ ಈ ತೈಲವರ್ಣ ಚಿತ್ರ ಈಗ ಫ್ಲಾರೆನ್ಸಿನ ಉಫಿಜಿ ಗ್ಯಾಲರಿಯಲ್ಲಿದೆ. ಎತ್ತರ 119 ಸೆಂಟಿಮೀಟರ್, ಅಗಲ 165. ಕ್ಯಾನ್ವಾಸಿನ ಉದ್ದಕ್ಕೂ ಒಬ್ಬ ಯುವತಿ ಬೆತ್ತಲೆಯಾಗಿ ಮಲಗಿದ್ದಾಳೆ. ನಮ್ಮ ಎಡಕ್ಕೆ ತಲೆ, ಬಲಕ್ಕೆ ಕಾಲು. ಬಲಗೈ ದಿಂಬಿನ ಮೇಲೆ ಊರಿದೆ, ಬೆರಳುಗಳಲ್ಲಿ ಕೆಂಪು ಗುಲಾಬಿಗಳು; ಎಡಗೈ ತೊಡೆಯ ಸಂದಿಯಲ್ಲಿ ಒರಗಿದೆ. ಕಿವಿಯಲ್ಲಿ ಮುತ್ತು, ಮಣಿಕಟ್ಟಿನಲ್ಲಿ ಕಡಗ, ಕಿರುಬೆರಳಿಗೆ ಉಂಗುರ. ಕಾಲ ಬಳಿ ಕಂದು–ಬಿಳಿ ಬಣ್ಣದ ಪುಟ್ಟ ನಾಯಿ ಸುತ್ತಿಕೊಂಡು ನಿದ್ದೆ ಹೋಗಿದೆ. ಎಡಗಡೆ ಮೇಲೆ ಗಂಟು ಹಾಕಿ ಎತ್ತಿಕಟ್ಟಿದ ಹಸಿರು ಪರದೆ, ಅದರ ಕೆಳಗೆ ನೀವು ಹೇಳಿದ ಆ ಕಡುಗಪ್ಪು. ಬಲಗಡೆ ಹಿಂದಕ್ಕೆ ಚಾಚಿದ ಒಂದು ಕೋಣೆ: ಚೌಕ ಹಾಸುಗಲ್ಲುಗಳ ನೆಲ, ಒಂದು ಕಂಬ, ಕಿಟಕಿಯಾಚೆ ಆಕಾಶ, ಕಿಟಕಿಯ ಕಟ್ಟೆಯ ಮೇಲೆ ಕುಂಡದಲ್ಲೊಂದು ಗಿಡ. ಅಲ್ಲಿ ಬಿಳಿ ಉಡುಪಿನ ಹುಡುಗಿಯೊಬ್ಬಳು ಮಂಡಿಯೂರಿ ದೊಡ್ಡ ಪೆಟ್ಟಿಗೆಯೊಳಗೆ ತಲೆ ಹಾಕಿ ಏನನ್ನೋ ಹುಡುಕುತ್ತಿದ್ದಾಳೆ. ಕೆಂಪು ಉಡುಪಿನ ಇನ್ನೊಬ್ಬ ಸೇವಕಿ ನಿಂತು ತೋಳು ಏರಿಸಿಕೊಳ್ಳುತ್ತಿದ್ದಾಳೆ. ಅವಳ ಹೆಗಲ ಮೇಲೆ ಒಡತಿಯ ಬೆಲೆಬಾಳುವ ನಿಲುವಂಗಿ.

ಈಗ ಆ ಕಪ್ಪಿನ ವಿಚಾರ. ಅದು ಗೋಡೆಯೇ? ಗೋಡೆಯಾದರೆ ಅದರ ಅಂಚಿಗೆ ದಪ್ಪವಿರಬೇಕಿತ್ತು. ಪರದೆಯೇ? ಆಗ ಮಡಿಕೆಗಳು ಕಾಣಬೇಕಿತ್ತು. ಎರಡೂ ಇಲ್ಲ. ಹಾಸುಗಲ್ಲಿನ ನೆಲ ಮುಂದೆ ಬಂದು ಮಂಚವನ್ನು ಎಲ್ಲಿ ಮುಟ್ಟುತ್ತದೆ ಎಂದು ನೋಡಹೊರಟರೆ ಅದೂ ಸಿಗುವುದಿಲ್ಲ. ಹಾಸಿಗೆಯ ಅಂಚಿಗೆ ಬಂದು ನೆಲ ಥಟ್ಟನೆ ನಿಂತುಬಿಡುತ್ತದೆ. ಫ್ರೆಂಚ್ ಕಲಾ ಇತಿಹಾಸಕಾರ ದಾನಿಯೆಲ್ ಅರಾಸ್ ಈ ಒಡಕನ್ನೇ ಹಿಡಿದು ವಾದಿಸಿದರು: ಮಲಗಿದವಳು ಆ ಅರಮನೆಯ ಕೋಣೆಯಲ್ಲಿ ಇಲ್ಲವೇ ಇಲ್ಲ, ಅವಳಿರುವುದು ಕ್ಯಾನ್ವಾಸಿನ ಮೇಲ್ಮೈಯಲ್ಲಿ, ನೋಡುವವನ ಎದುರಿನಲ್ಲಿ. ಅವರ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪುವುದಿಲ್ಲ, ಆದರೆ ಈ ಅವಲೋಕನ ಅಲ್ಲಗಳೆಯಲಾಗದ್ದು. ಮುಂಭಾಗ, ಹಿಂಭಾಗ ಎರಡು ಬೇರೆ ಜಾಗಗಳು. ಕಪ್ಪು ಅವೆರಡನ್ನೂ ಬೇರ್ಪಡಿಸುವ ಗಡಿ.

ಆ ಗಡಿಯ ಲಂಬ ಅಂಚು ನೇರವಾಗಿ ಕೆಳಗಿಳಿದು ಎಲ್ಲಿ ಮುಟ್ಟುತ್ತದೆ ಎಂಬುದನ್ನೂ ಗಮನಿಸಿ. ಅದು ಅವಳ ಎಡಗೈ ಒರಗಿರುವ ಜಾಗಕ್ಕೇ ಬಂದು ನಿಲ್ಲುತ್ತದೆ. ಇಷ್ಟು ನಿಖರವಾದ ಗೆರೆಯನ್ನು ಯಾವ ಚಿತ್ರಕಾರನೂ ಅರಿಯದೆ ಎಳೆಯುವುದಿಲ್ಲ. ಅದರಿಂದ ದೇಹ ಎರಡು ಹಿನ್ನೆಲೆಗಳಿಗೆ ಹಂಚಿಹೋಗಿದೆ. ಮುಖ, ಎದೆ, ಹೊಟ್ಟೆ ಕಪ್ಪಿನ ಎದುರು. ಕಾಲುಗಳು ಬೆಳಕಿನ ಕೋಣೆಯ ಎದುರು. ಕಪ್ಪಿನ ಮುಂದೆ ಚರ್ಮದ ಬಿಸುಪು ಎದ್ದು ಕಾಣುತ್ತದೆ, ಕಣ್ಣು ಬೇರೆಲ್ಲೂ ಓಡುವುದಿಲ್ಲ. ಬೆಳಕಿನ ಕೋಣೆಯ ಮುಂದೆ ಅದೇ ಚರ್ಮ ತುಸು ತಣ್ಣಗಾಗಿ, ನೋಟ ಕಾಲಿನ ಮೇಲಿಂದ ಜಾರಿ ನಾಯಿಗೆ, ನಾಯಿಯಿಂದ ಸೇವಕಿಯರತ್ತ ಸಾಗುತ್ತದೆ. ಕಪ್ಪಿಗೆ ಇಲ್ಲಿ ನಿಘಂಟಿನ ಅರ್ಥ ಯಾವುದೂ ಇಲ್ಲ. ಅದಕ್ಕೆ ಕೆಲಸವಿದೆ.

ಚರ್ಮದ ಬಿಸುಪು ಎಂದೆ, ಅದು ಹೇಗೆ ಬಂತೆಂದು ನೋಡಿ. ಅವಳ ಮೈಮೇಲೆ ಹುಡುಕಿದರೂ ಗಾಢ ನೆರಳು ಸಿಗುವುದಿಲ್ಲ. ಹೊಟ್ಟೆಯ ಉಬ್ಬು, ಮೊಣಕಾಲಿನ ತಿರುವು, ಕೊರಳಿನ ಕೆಳಗಿನ ತಗ್ಗು ಎಲ್ಲವೂ ಬಣ್ಣದ ನಸು ಏರಿಳಿತದಿಂದಲೇ ಮೂಡಿವೆ. ವೆನಿಸ್ಸಿನ ಚಿತ್ರಕಾರರು ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಪದರ ಪದರವಾಗಿ ಏರಿಸುತ್ತಿದ್ದರು. ಕೆಳಗೆ ಸೀಸದ ಬಿಳಿ ಸೇರಿದ ಗಟ್ಟಿ ಪದರ. ಅದು ಒಣಗಿದ ಮೇಲೆ ಎಣ್ಣೆ ಹೆಚ್ಚಾಗಿ ಬಣ್ಣ ಕಡಿಮೆಯಾಗಿ ಇರುವ ಪಾರದರ್ಶಕ ಲೇಪ. ಅದು ಒಣಗಿದ ಮೇಲೆ ಇನ್ನೊಂದು. ಬೆಳಕು ಈ ಲೇಪಗಳನ್ನು ಹಾದು ಕೆಳಗಿನ ಬಿಳಿಗೆ ತಾಗಿ ಮರಳುವಾಗ ಬಣ್ಣವನ್ನು ಹೊತ್ತು ತರುತ್ತದೆ. ಮೈ ಒಳಗಿನಿಂದ ಬೆಳಗಿದಂತೆ ಕಾಣುವುದು ಈ ಕಾರಣಕ್ಕೆ.

ವಸ್ತುಗಳಿಗೂ ವೆನಿಸ್ ಆಗ ಯುರೋಪಿನ ದೊಡ್ಡ ಪೇಟೆ. ಬೇರೆ ಊರುಗಳಲ್ಲಿ ಚಿತ್ರಕಾರರು ಔಷಧಿ ಅಂಗಡಿಯಲ್ಲಿ ಬಣ್ಣ ಕೊಳ್ಳುತ್ತಿದ್ದರೆ, ವೆನಿಸ್ಸಿನಲ್ಲಿ ಬಣ್ಣವನ್ನೇ ಮಾರುವ ಪ್ರತ್ಯೇಕ ವರ್ತಕರಿದ್ದರು. ಅಫ್ಘಾನಿಸ್ತಾನದ ಬದಖ್ಶಾನಿನ ನೀಲಿಕಲ್ಲು ಅಲ್ಲಿಗೆ ಬರುತ್ತಿತ್ತು. ಪಾದರಸ, ಗಂಧಕಗಳಿಂದ ಮಾಡಿದ ಇಂಗಳೀಕವಿತ್ತು, ತಾಮ್ರದ ಕಿಲುಬಿನಿಂದ ತೆಗೆದ ಹಸಿರು ಇತ್ತು. ಪಾರದರ್ಶಕ ಕೆಂಪಿಗೆ ಬಳಸುತ್ತಿದ್ದ ಬಣ್ಣಗಳಲ್ಲಿ ಒಂದನ್ನು ಅರಗಿನಿಂದ ತೆಗೆಯುತ್ತಿದ್ದರು, ಆ ಅರಗು ಹೋಗುತ್ತಿದ್ದುದು ಭಾರತದಿಂದ. ನಮ್ಮ ಕಾಡಿನ ಮರಗಳ ಮೇಲೆ ಬೆಳೆಯುವ ಕೀಟದ ಅಂಟು ಸಮುದ್ರ ದಾಟಿ ವೆನಿಸ್ಸಿನ ವರ್ಣಚಿತ್ರಗಳ ಕೆಂಪಾಯಿತು ಎಂಬುದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ. ಈ ಒಂದು ಚಿತ್ರದ ಕೆಂಪು ಅರಗಿನದೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಚಿತ್ರಶಾಲೆಗಳಲ್ಲಿ ಅದು ದಿನಬಳಕೆಯ ವಸ್ತುವಾಗಿತ್ತು.

ಬಣ್ಣಕ್ಕೆ ಇಷ್ಟೊಂದು ಹೊಣೆ ಹೊರಿಸುವುದು ಎಲ್ಲರಿಗೂ ಸಮ್ಮತವಿರಲಿಲ್ಲ. ಫ್ಲಾರೆನ್ಸ್, ರೋಮ್‌ಗಳ ಕಡೆಯವರಿಗೆ ರೇಖೆಯೇ ಕಲೆಯ ಬೆನ್ನೆಲುಬು. ಟಿಶಿಯನ್ ರೋಮಿನಲ್ಲಿದ್ದಾಗ ಮೈಕೆಲೇಂಜೆಲೊ ಅವನ ‘ಡನಾಯಿ’ ಎಂಬ, ಗ್ರೀಕ್ ಪುರಾಣದ ರಾಜಕುಮಾರಿಯ ನಗ್ನಚಿತ್ರವನ್ನು ನೋಡಿ ಬಣ್ಣವನ್ನು ಮೆಚ್ಚಿದನಂತೆ. ಆಮೇಲೆ, ವೆನಿಸ್ಸಿನವರು ಮೊದಲಿನಿಂದ ಚೆನ್ನಾಗಿ ರೇಖಾಭ್ಯಾಸ ಮಾಡದಿರುವುದು ವಿಷಾದದ ಸಂಗತಿ ಎಂದನಂತೆ. ಜೊತೆಗಿದ್ದ ವಸಾರಿ, ಕಲಾವಿದರ ಜೀವನಚರಿತ್ರೆಗಳನ್ನು ಬರೆದ ಚಿತ್ರಕಾರ, ಇದನ್ನು ಬರೆದಿಟ್ಟಿದ್ದಾನೆ. ವಸಾರಿ ಫ್ಲಾರೆನ್ಸಿನ ಪಕ್ಷದವನು ಎಂಬುದನ್ನು ನೆನಪಿಟ್ಟುಕೊಂಡು ಓದಿ.

ಇನ್ನು ಈ ಚಿತ್ರದ ಬಣ್ಣಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂಬುದಕ್ಕೆ ಬರೋಣ. ನಿಮ್ಮ ಪ್ರಬಂಧದಲ್ಲಿ ಹೆಚ್ಚು ಜಾಗ ಇದಕ್ಕೇ ಸಲ್ಲಬೇಕು ಎನ್ನುವುದು ನನ್ನ ಸಲಹೆ.

ಕೆಂಪನ್ನು ಹಿಂಬಾಲಿಸಿ. ಬಿಳಿಯ ಹೊದಿಕೆ ಸರಿದಿರುವೆಡೆ ಕೆಳಗಿನ ಹಾಸಿಗೆ ಕಾಣುತ್ತದೆ. ಗಾಢ ಕೆಂಪು, ಮೇಲೆ ಹೂವಿನ ವಿನ್ಯಾಸ. ಅದರ ಮೇಲ್ಗಡೆಯೇ ಕೈಯಲ್ಲಿನ ಗುಲಾಬಿಗಳು. ಒಂದು ಹೂವು ಆಗಲೇ ಜಾರಿ ಹಾಸಿಗೆಯ ಮೇಲೆ ಬಿದ್ದಿದೆ. ಹಾಸಿಗೆಯ ಮೇಲಿನ ನೇಯ್ಗೆಯ ಹೂವು, ಕೈಯಲ್ಲಿನ ನಿಜದ ಹೂವು ಎರಡೂ ಒಂದೇ ಬಣ್ಣದ ಎರಡು ದನಿಗಳು. ಅಲ್ಲಿಂದ ಮುಂದೆ ಕೆಂಪು ಎಲ್ಲಿದೆ? ಇಡೀ ಮುಂಭಾಗವನ್ನು ದಾಟಿ, ಹಿಂದಿನ ಕೋಣೆಯಲ್ಲಿ ನಿಂತ ಸೇವಕಿಯ ಉಡುಪಿನಲ್ಲಿ. ಎಡಗಡೆ ಕೆಳಮೂಲೆಯಿಂದ ಬಲಗಡೆ ಮೇಲಿನವರೆಗೆ ಕೆಂಪು ಕರ್ಣರೇಖೆಯಾಗಿ ಹಾರಿದೆ.

ಬಿಳಿಯೂ ಹಾಗೆಯೇ. ದಿಂಬು, ಹೊದಿಕೆ, ನಾಯಿಯ ಮೈಯ ಬಿಳಿ ಭಾಗ, ಕೊನೆಗೆ ಮಂಡಿಯೂರಿದ ಹುಡುಗಿ. ಹಸಿರು ಪರದೆಯಿಂದ ಹೊರಟು ಕಿಟಕಿಯ ಗಿಡಕ್ಕೆ, ಅದರಾಚೆಯ ಮರಕ್ಕೆ ಹೋಗುತ್ತದೆ. ಅಂದರೆ ಕಪ್ಪು ಗಡಿ ಬೇರ್ಪಡಿಸಿದ ಎರಡು ಜಾಗಗಳನ್ನು ಈ ಮೂರು ಬಣ್ಣಗಳು ಮತ್ತೆ ಹೊಲಿದಿವೆ. ಮಲಗಿದವಳಿಗೂ ಆ ಸೇವಕಿಯರಿಗೂ ಏನು ಸಂಬಂಧ ಎಂದರೆ, ಮೊದಲ ಉತ್ತರ ಇದು: ಹಾಸಿಗೆಯ ಬಿಳಿ ಒಬ್ಬಳಲ್ಲಿ ನಿಂತಿದೆ, ಹೂವಿನ ಕೆಂಪು ಇನ್ನೊಬ್ಬಳಲ್ಲಿ.

ಟಿಪ್ಪಣಿಯ ‘ಬಿಳಿ ಪಾವಿತ್ರ್ಯ, ಕೆಂಪು ಕಾಮ’ ಎಂಬ ಸೂತ್ರ ಇಲ್ಲಿಗೆ ಬಂದು ಸೋಲುತ್ತದೆ. ಬಿಳಿ ಪಾವಿತ್ರ್ಯವಾದರೆ, ಮುದುಡಿ ಮಡಿಕೆಬಿದ್ದ ಹಾಸಿಗೆಯ ಹೊದಿಕೆಯ ಮೇಲೆ ಅದೇಕೆ ಎಲ್ಲಕ್ಕಿಂತ ಹೆಚ್ಚು ಹರಡಿದೆ? ಕೆಂಪು ಕಾಮವಾದರೆ, ಬಟ್ಟೆ ಹೊತ್ತು ಮನೆಗೆಲಸ ಮಾಡುವ ಹೆಂಗಸಿಗೆ ಅದನ್ನೇಕೆ ಉಡಿಸಿದ? ಆ ಕಾಲದ ಇಟಲಿಯಲ್ಲಿ ಕಡುಗೆಂಪು ಬಟ್ಟೆ ಮೊದಲು ನೆನಪಿಸುತ್ತಿದ್ದುದು ಹಣವನ್ನು. ಒಳ್ಳೆಯ ಕೆಂಪು ಬಣ್ಣ ಕೀಟಗಳಿಂದ ಬರುತ್ತಿತ್ತು, ಬಲು ದುಬಾರಿ. ಕಡುಗೆಂಪು ರೇಷ್ಮೆ, ಮಖಮಲ್ಲುಗಳು ಸಿರಿವಂತರ ಸೊತ್ತು. ಕೆಂಪು ಹಾಸಿಗೆಯನ್ನು ಕಂಡ ಅಂದಿನ ನೋಡುಗ ಪ್ರಣಯವನ್ನು ನೆನೆಯುವ ಮೊದಲೇ ಇದು ದೊಡ್ಡ ಮನೆ ಎಂದು ಅರಿತುಕೊಳ್ಳುತ್ತಿದ್ದ. ಒಂದೇ ಬಣ್ಣ ಸಂಪತ್ತನ್ನೂ ಹೂವನ್ನೂ ಮೈಯ ಬಿಸಿಯನ್ನೂ ಒಟ್ಟಿಗೆ ಹೊರಬಲ್ಲದು, ಇಲ್ಲಿ ಹೊತ್ತಿದೆ.

ಈಗ ಸಂಕೇತಗಳು. ಗುಲಾಬಿಯ ಬಗ್ಗೆ ತಕರಾರಿಲ್ಲ. ಅದು ಪ್ರಾಚೀನ ಕಾಲದಿಂದ ವೀನಸ್ಸಿನ ಹೂವು. ಪ್ರಿಯಕರ ಅಡೊನಿಸ್ ಸಾಯುವಾಗ ಅವನತ್ತ ಓಡಿದ ವೀನಸ್ಸಿನ ಕಾಲಿಗೆ ಮುಳ್ಳು ಚುಚ್ಚಿ, ಆ ರಕ್ತದಿಂದ ಬಿಳಿ ಗುಲಾಬಿ ಕೆಂಪಾಯಿತೆಂಬ ಕಥೆಯಿದೆ. ಕಿಟಕಿಯ ಕುಂಡದಲ್ಲಿರುವುದು ಮಿರ್ಟಲ್ ಗಿಡ, ಅದೂ ವೀನಸ್ಸಿನದೇ; ವರ್ಷವಿಡೀ ಎಲೆ ಉದುರಿಸದ ಕಾರಣ ಬಾಳುವ ಪ್ರೀತಿಗೆ, ಮದುವೆಗೆ ಸಂಕೇತವಾಯಿತು. ಇವೆರಡನ್ನೂ ಟಿಶಿಯನ್ ಇಟ್ಟಿರುವ ಕಡೆ ನೋಡಿ. ಬಾಡುವ ಹೂವು ನಮ್ಮ ಕಣ್ಣಿಗೆ ಹತ್ತಿರ, ಆಗಲೇ ಉದುರತೊಡಗಿದೆ. ಬಾಡದ ಗಿಡ ದೂರದಲ್ಲಿ, ಕುಂಡದಲ್ಲಿ ಬೇರುಬಿಟ್ಟು ನಿಂತಿದೆ. ಎರಡಕ್ಕೂ ನಡುವೆ ಇಡೀ ಚಿತ್ರದ ಆಳವಿದೆ. ಗುಲಾಬಿ ಎಂದರೆ ಪ್ರೇಮ ಎಂದು ಬರೆದು ಮುಂದೆ ಹೋಗುವ ಟಿಪ್ಪಣಿ ಈ ಅಂತರವನ್ನು ಹೇಳುವುದೇ ಇಲ್ಲ.

ನಾಯಿಯ ವಿಷಯ ಇನ್ನೂ ಸ್ವಾರಸ್ಯಕರ. ಇದನ್ನೇ ಹೋಲುವ ನಾಯಿ ಉಫಿಜಿಯಲ್ಲಿಯೇ ಇರುವ ಇನ್ನೊಂದು ಟಿಶಿಯನ್ ಚಿತ್ರದಲ್ಲಿದೆ. ಅದು ಇಟಲಿಯ ಉರ್ಬಿನೊ ಸಂಸ್ಥಾನದ ಡಚೆಸ್ ಎಲಿಯೊನೋರಾ ಗೊನ್ಸಾಗಾಳ ಭಾವಚಿತ್ರ, ಇದೇ ವರ್ಷಗಳದ್ದು. ಅಲ್ಲಿ ಡಚೆಸ್ ಕೊರಳವರೆಗೆ ಉಡುಪು ತೊಟ್ಟು ಗಂಭೀರವಾಗಿ ಕುಳಿತಿದ್ದಾಳೆ. ಪಕ್ಕದ ಮೇಜಿನ ಮೇಲೆ ಗಡಿಯಾರದ ಬಳಿ ನಾಯಿ ಮಲಗಿದೆ. ಅಲ್ಲಿ ಅದನ್ನು ಪತಿನಿಷ್ಠೆ ಎಂದು ಓದಲು ಯಾರೂ ಹಿಂಜರಿಯುವುದಿಲ್ಲ. ಅದೇ ನಾಯಿ ಬೆತ್ತಲೆ ಹೆಣ್ಣಿನ ಹಾಸಿಗೆಗೆ ಬಂದ ಕೂಡಲೇ ಕೆಲವರು ಅದನ್ನು ಕಾಮದ ಗುರುತು ಎನ್ನುತ್ತಾರೆ, ಇನ್ನು ಕೆಲವರು ನಿಷ್ಠೆಯೇ ಎನ್ನುತ್ತಾರೆ. ಈ ಎರಡನೆಯವರ ವಾದದಲ್ಲಿ ಒಂದು ಜಾಣ್ಮೆಯಿದೆ: ಅಪರಿಚಿತನು ಬಂದಿದ್ದರೆ ನಾಯಿ ಎದ್ದು ಬೊಗಳುತ್ತಿತ್ತು. ಅದು ನಿದ್ದೆಯಲ್ಲಿದೆ ಎಂದರೆ ಎದುರು ನಿಂತವನು ಮನೆಯವನು. ಅವಳು ನಿಸ್ಸಂಕೋಚವಾಗಿ ನೋಡುತ್ತಿರುವುದು ಗಂಡನನ್ನು. ನನಗೆ ಈ ಓದು ಇಷ್ಟ. ಆದರೆ ಅದನ್ನು ಸಾಧಿಸಿ ತೋರಿಸಬಲ್ಲ ದಾಖಲೆ ಯಾವುದೂ ಇಲ್ಲ, ಇದನ್ನು ನೀವು ಸ್ಪಷ್ಟವಾಗಿ ಬರೆಯಬೇಕು.

ಪೆಟ್ಟಿಗೆಯನ್ನು ಬಹುತೇಕ ಟಿಪ್ಪಣಿಗಳು ಮರೆಯುತ್ತವೆ, ನನ್ನ ಮಟ್ಟಿಗೆ ಅದು ಗುಲಾಬಿಗಿಂತ ಮುಖ್ಯ. ಇಟಲಿಯ ಸಿರಿವಂತ ಮನೆಗಳಲ್ಲಿ ಮದುವೆಗೆಂದು ಇಂತಹ ದೊಡ್ಡ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಮಾಡಿಸುತ್ತಿದ್ದರು. ವಧುವಿನ ಬಟ್ಟೆಬರೆ ಅವುಗಳಲ್ಲಿ ಬರುತ್ತಿತ್ತು, ಆಮೇಲೆ ಮಲಗುವ ಕೋಣೆಯಲ್ಲಿಯೇ ಉಳಿಯುತ್ತಿತ್ತು. ಹದಿನೈದನೆಯ ಶತಮಾನದ ಕೆಲವು ಪೆಟ್ಟಿಗೆಗಳ ಮುಚ್ಚಳದ ಒಳಬದಿಯಲ್ಲಿ ಉದ್ದಕ್ಕೆ ಮಲಗಿದ ಬೆತ್ತಲೆ ಹೆಣ್ಣಿನ ಚಿತ್ರವಿದೆ. ಹೊರಗಿನವರಿಗೆ ಕಾಣದು, ಮುಚ್ಚಳ ತೆರೆದವರಿಗೆ ಮಾತ್ರ ಕಾಣುತ್ತದೆ. ಮಲಗಿದ ನಗ್ನ ಸ್ತ್ರೀಯ ಚಿತ್ರ ಗೋಡೆಗೆ ಬರುವ ಮೊದಲು ಇದ್ದ ಮನೆಗಳಲ್ಲಿ ಇದೂ ಒಂದು. ಈಗ ಟಿಶಿಯನ್‌ನ ಚಿತ್ರದಲ್ಲಿ ಏನಾಗಿದೆ ನೋಡಿ: ಹಿಂದೆ ಪೆಟ್ಟಿಗೆಯ ಮುಚ್ಚಳ ತೆರೆದಿದೆ, ಹುಡುಗಿಯ ತಲೆ ಅದರೊಳಗಿದೆ, ಮುಂದೆ, ಮುಚ್ಚಳದ ಒಳಗಿರಬೇಕಾದ ಹೆಣ್ಣು ಹೊರಬಂದು ನಮ್ಮೆದುರು ಮಲಗಿದ್ದಾಳೆ. ಬಿಳಿ ಬಣ್ಣ ಹಾಸಿಗೆಯಿಂದ ಆ ಹುಡುಗಿಯವರೆಗೆ ಹೋಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಹೊಳೆಯುವುದಿಲ್ಲ.

ಮುತ್ತು, ಕಡಗ, ಉಂಗುರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಟ್ಟೆ ಕಳಚಿದರೂ ಒಡವೆ ಉಳಿದಿರುವುದರಿಂದ ಅವಳು ಬಟ್ಟೆ ತೊಡುವ ಲೋಕದವಳು, ಕಾಡಿನ ಅಪ್ಸರೆಯಲ್ಲ ಎಂದು ತಿಳಿಯುತ್ತದೆ. ಬಿಡಿಕೂದಲಿನ ಹೊಂಬಣ್ಣವೂ ವೆನಿಸ್ಸಿನ ರೂಢಿಯದು. ಅಲ್ಲಿನ ಹೆಂಗಸರು ಮನೆಯ ಮಾಡಿನ ಮೇಲಿನ ಮರದ ಅಟ್ಟಣೆಯಲ್ಲಿ ಕುಳಿತು, ನೆತ್ತಿಯ ಭಾಗವಿಲ್ಲದ ಅಗಲ ಅಂಚಿನ ಟೋಪಿ ಹಾಕಿ, ಅದರ ತೂತಿನಿಂದ ಕೂದಲನ್ನು ಹೊರತೆಗೆದು ಹರಡಿ ಬಿಸಿಲಿಗೆ ಹೊಂಬಣ್ಣ ತಿರುಗಿಸಿಕೊಳ್ಳುತ್ತಿದ್ದರು.

ಹಾಗಾದರೆ ಅವಳು ಯಾರು? ಇಲ್ಲಿ ಕಾಗದಪತ್ರಗಳ ಮಾತು ಕೇಳಬೇಕು. ಚಿತ್ರವನ್ನು ಕೊಂಡವನು ಗ್ವಿಡೊಬಾಲ್ಡೊ ಡೆಲ್ಲಾ ರೊವೆರೆ. ಆಗ ಕಾಮೆರಿನೊದ ಡ್ಯೂಕ್. 1538ರ ಕೊನೆಗೆ ತಂದೆ ತೀರಿಕೊಂಡ ಮೇಲೆ ಉರ್ಬಿನೊದ ಡ್ಯೂಕ್. ಮೇಲೆ ಹೇಳಿದ ಎಲಿಯೊನೋರಾಳ ಮಗ. ಅದೇ ವರ್ಷದ ಮಾರ್ಚ್ 9ರಂದು ಅವನು ವೆನಿಸ್ಸಿನಲ್ಲಿದ್ದ ತನ್ನ ಪ್ರತಿನಿಧಿಗೆ ಬರೆದ: ನನ್ನ ಭಾವಚಿತ್ರ ಮತ್ತು ಆ ಬೆತ್ತಲೆ ಹೆಂಗಸಿನ ಚಿತ್ರ, ಎರಡೂ ಕೈಗೆ ಬರುವವರೆಗೆ ಅಲ್ಲಿಂದ ಹೊರಡಬೇಡ. ಮೇ ತಿಂಗಳ ಪತ್ರದಲ್ಲಿ ಆತಂಕ ಎದ್ದು ಕಾಣುತ್ತದೆ. ಟಿಶಿಯನ್ ಅದನ್ನು ಬೇರೆಯವರಿಗೆ ಮಾರಿಬಿಟ್ಟಾನು, ಏನನ್ನಾದರೂ ಅಡವಿಟ್ಟಾದರೂ ಹಣ ಹೊಂದಿಸುತ್ತೇನೆ ಎನ್ನುತ್ತಾನೆ. ಈ ಪತ್ರಗಳಲ್ಲಿ ವೀನಸ್ ಎಂಬ ಹೆಸರಿಲ್ಲ, ಮದುವೆಯ ಪ್ರಸ್ತಾಪವೂ ಇಲ್ಲ. ಇರುವುದು ‘ಬೆತ್ತಲೆ ಹೆಂಗಸು’ ಅಷ್ಟೆ. ಅವಳನ್ನು ಮೊದಲಿಗೆ ವೀನಸ್ ಎಂದು ಅಚ್ಚಿನಲ್ಲಿ ಕರೆದವನು ವಸಾರಿ, 1568ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ.

ಈ ಆಧಾರದ ಮೇಲೆ ಇಂಗ್ಲಿಷ್ ವಿದ್ವಾಂಸ ಚಾರ್ಲ್ಸ್ ಹೋಪ್ ಖಡಾಖಂಡಿತವಾಗಿ ಹೇಳಿದರು: ಇದು ಒಬ್ಬ ಚೆಲುವೆಯ ಚಿತ್ರ, ಗಂಡಸರ ಕಣ್ಣಿಗೆಂದು ಮಾಡಿದ್ದು, ಗೂಢಾರ್ಥಗಳನ್ನು ಹುಡುಕಬೇಡಿ. ಅಮೆರಿಕದ ರೋನಾ ಗೋಫೆನ್ ಇದಕ್ಕೆ ಎದುರು ನಿಂತು, ಪೆಟ್ಟಿಗೆ, ಮಿರ್ಟಲ್, ನಾಯಿ, ಗುಲಾಬಿ ಎಲ್ಲವೂ ದಾಂಪತ್ಯದ ಭಾಷೆಯೇ ಎಂದರು. ಗ್ವಿಡೊಬಾಲ್ಡೊನಿಗೆ ಜೂಲಿಯಾ ವರಾನೊಳೊಡನೆ ಮದುವೆಯಾದದ್ದು 1534ರಲ್ಲಿ, ಕಾಮೆರಿನೊದ ಆಳ್ವಿಕೆ ಅವನಿಗೆ ದಕ್ಕಿದ್ದು ಆ ಮದುವೆಯಿಂದ. ನಾಲ್ಕು ವರ್ಷಗಳ ನಂತರ ಬಂದ ಚಿತ್ರವನ್ನು ಮದುವೆಯ ಉಡುಗೊರೆ ಎನ್ನುವುದು ಸುಲಭವಲ್ಲ.

ನನಗೆ ನಿರ್ಣಾಯಕವಾಗಿ ಕಾಣುವುದು ಇನ್ನೊಂದು ಹೋಲಿಕೆ. 1514ರ ಸುಮಾರಿಗೆ ಟಿಶಿಯನ್ ಖಚಿತವಾಗಿ ಒಂದು ಮದುವೆಗೆಂದೇ ಚಿತ್ರ ಮಾಡಿದ್ದಾನೆ. ಅದು ರೋಮಿನ ಬೊರ್ಗೇಸೆ ಗ್ಯಾಲರಿಯಲ್ಲಿರುವ ‘ಪವಿತ್ರ ಪ್ರೇಮ, ಲೌಕಿಕ ಪ್ರೇಮ’. ಅಲ್ಲಿಯೂ ಗುಲಾಬಿಗಳಿವೆ, ಮಿರ್ಟಲ್ ಇದೆ, ಬೆತ್ತಲೆ ವೀನಸ್ಸೂ ಇದ್ದಾಳೆ. ಆದರೆ ನಡುವಿನ ಕಲ್ಲಿನ ತೊಟ್ಟಿಯ ಮೇಲೆ ವರ ನಿಕ್ಕೊಲೊ ಔರೆಲಿಯೊನ ವಂಶಲಾಂಛನವನ್ನು ಕೆತ್ತಿದಂತೆ ಬರೆದಿದ್ದಾನೆ. ಮದುವೆಯನ್ನು ದಾಖಲಿಸಬೇಕಾದಾಗ ಅದನ್ನು ಹೇಗೆ ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ‘ಉರ್ಬಿನೊದ ವೀನಸ್’ನಲ್ಲಿ ಲಾಂಛನವಿಲ್ಲ. ದಾಂಪತ್ಯದ ಸಾಮಾನುಗಳೆಲ್ಲ ಇವೆ, ಯಾರ ದಾಂಪತ್ಯ ಎಂಬ ಗುರುತು ಇಲ್ಲ. ಕೊಂಡವನು ಮಾಡಿಸಿಕೊಂಡವನೇ ಆಗಿರಬೇಕಿಲ್ಲ. ಬೇರೆಯವರಿಗೆ ಮಾರಿಹೋದೀತು ಎಂಬ ಅವನ ಭಯವೂ ಅದನ್ನೇ ಸೂಚಿಸುತ್ತದೆ. ಆದ್ದರಿಂದ ನನ್ನ ತೀರ್ಪು ಇದು. ಟಿಶಿಯನ್ ಮದುವೆಯ ಕೋಣೆಯ ಭಾಷೆಯನ್ನು ಬಳಸಿ, ಯಾವ ಒಂದು ಮದುವೆಗೂ ಕಟ್ಟುಬೀಳದ ಚಿತ್ರ ಮಾಡಿದ. ಅವಳನ್ನು ವಧು ಎಂದು ಓದುವವನಿಗೆ ಅಡ್ಡಿಯಿಲ್ಲ; ವೀನಸ್ ಎನ್ನುವವನಿಗೆ ಹೂವೂ ಗಿಡವೂ ಇವೆ; ಚೆಲುವೆ ಎಂದಷ್ಟೇ ಕಂಡ ಗ್ವಿಡೊಬಾಲ್ಡೊನೂ ಚಿತ್ರವನ್ನು ತಪ್ಪಾಗಿ ಓದಿದವನಲ್ಲ. ಗಣಿಕೆ ಎಂಬ ವಾದಕ್ಕೆ ಮಾತ್ರ ಚಿತ್ರದೊಳಗೆ ಗಟ್ಟಿ ಆಧಾರ ನನಗೆ ಕಾಣುವುದಿಲ್ಲ. ಚಿತ್ರಕ್ಕೆ ಕುಳಿತ ರೂಪದರ್ಶಿ ಯಾರು ಎಂಬ ಪ್ರಶ್ನೆಯನ್ನು ಚಿತ್ರದೊಳಗಿನವಳು ಯಾರು ಎಂಬ ಪ್ರಶ್ನೆಯೊಡನೆ ಬೆರೆಸಿದ್ದರಿಂದ ಹುಟ್ಟಿದ ಗೊಂದಲ ಅದು. ಇದೇ ಮುಖ ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿರುವ ‘ಲಾ ಬೆಲ್ಲಾ’ದಲ್ಲಿಯೂ ಕಾಣುತ್ತದೆ, ಅಲ್ಲಿ ಅವಳು ಸಿರಿವಂತ ಉಡುಪಿನಲ್ಲಿ ನಿಂತಿದ್ದಾಳೆ, ಅಲ್ಲಿ ಅವಳನ್ನು ಗಣಿಕೆ ಎಂದು ಒತ್ತಿ ಹೇಳಲು ಚಿತ್ರದಲ್ಲಿ ಏನೂ ಇಲ್ಲ.

ಅಂದಿನವರೇ ಇದನ್ನು ಹೇಗೆ ನೋಡಿದರು ಎಂಬುದಕ್ಕೆ ಒಂದು ಪತ್ರ ಉಳಿದಿದೆ. 1544ರಲ್ಲಿ ಜೊವಾನ್ನಿ ಡೆಲ್ಲಾ ಕಾಸಾ ಎಂಬ ಧರ್ಮಾಧಿಕಾರಿ, ಕಾರ್ಡಿನಲ್ ಅಲೆಸ್ಸಾಂದ್ರೊ ಫಾರ್ನೇಸೆಗಾಗಿ ಟಿಶಿಯನ್ ಮಾಡುತ್ತಿದ್ದ ‘ಡನಾಯಿ’ಯನ್ನು ವರ್ಣಿಸುತ್ತ, ಕಾರ್ಡಿನಲ್ ಡ್ಯೂಕನ ಮನೆಯಲ್ಲಿ ನೋಡಿದ್ದ ಆ ನಗ್ನಚಿತ್ರ ಇದರ ಪಕ್ಕದಲ್ಲಿ ಸನ್ಯಾಸಿನಿಯಂತೆ ತೋರುತ್ತದೆ ಎಂದು ಬರೆದ. ಅಲ್ಲಿ ಹೇಳಿರುವುದು ಈ ವೀನಸ್ಸನ್ನೇ. ಚರ್ಚಿನ ಇಬ್ಬರು ದೊಡ್ಡ ಮನುಷ್ಯರ ನಡುವಿನ ಮಾತು ಇದು ಎಂಬುದನ್ನು ನೆನೆದರೆ, ಪಾವಿತ್ರ್ಯವೇ ಕಾಮವೇ ಎಂಬ ನಮ್ಮ ಎರಡು ಖಾನೆಗಳಲ್ಲಿ ಆ ಕಾಲ ಹಿಡಿಯುವುದಿಲ್ಲ ಎಂದು ಮನವರಿಕೆಯಾಗುತ್ತದೆ.

ಭಂಗಿ ಎಲ್ಲಿಂದ ಬಂತೆಂದು ಪ್ರಬಂಧದಲ್ಲಿ ಹೇಳಲೇಬೇಕಾಗುತ್ತದೆ, ಚಿಕ್ಕದಾಗಿ ಹೇಳಿ. ಜರ್ಮನಿಯ ಡ್ರೆಸ್ಡನ್‌ನಲ್ಲಿರುವ ‘ಮಲಗಿದ ವೀನಸ್’ ವೆನಿಸ್ಸಿನ ಇನ್ನೊಬ್ಬ ಚಿತ್ರಕಾರ ಜಾರ್ಜೋನೆಯದು, ಸುಮಾರು 1510ರದ್ದು. ಅದರ ಭೂದೃಶ್ಯವನ್ನೂ ಈಗ ಮುಚ್ಚಿಹೋಗಿರುವ ಬಾಲದೇವ ಕ್ಯುಪಿಡ್‌ನನ್ನೂ ಮುಗಿಸಿದವನು ಟಿಶಿಯನ್ ಎಂದು 1525ರಲ್ಲಿಯೇ ವೆನಿಸ್ಸಿನ ಕಲಾಪ್ರೇಮಿ ಮಾರ್ಕಾಂಟೊನಿಯೊ ಮಿಕಿಯೆಲ್ ಬರೆದಿಟ್ಟಿದ್ದಾನೆ. ಅಲ್ಲಿ ಅವಳು ಬಯಲಿನಲ್ಲಿ ಕಣ್ಣುಮುಚ್ಚಿ ಮಲಗಿದ್ದಾಳೆ, ಹಿಂದಿನ ಗುಡ್ಡಗಳು ಅವಳ ಮೈಯ ಏರಿಳಿತವನ್ನೇ ಹಿಡಿದಿವೆ. ಟಿಶಿಯನ್ ಅವಳನ್ನು ಎಬ್ಬಿಸಿ ಮನೆಯೊಳಗೆ ತಂದ. ಗುಡ್ಡಗಳಿದ್ದ ಜಾಗಕ್ಕೆ ಆ ಕಪ್ಪು ಬಂತು. ನಿದ್ದೆ ಅವಳಿಂದ ನಾಯಿಗೆ ಹೋಯಿತು.

ಆ ಕಪ್ಪು ಎಷ್ಟು ಮುಖ್ಯವೆಂದು ಅರಿತಿದ್ದವನು ಫ್ರಾನ್ಸಿನ ಎಡ್ವರ್ ಮಾನೆ. ತರುಣನಾಗಿದ್ದಾಗ ಫ್ಲಾರೆನ್ಸಿನಲ್ಲಿ ಈ ಚಿತ್ರದ ನಕಲು ಮಾಡಿದ್ದ. 1863ರಲ್ಲಿ ‘ಒಲಿಂಪಿಯಾ’ ಬರೆಯುವಾಗ ಒಂದೊಂದನ್ನೇ ಬದಲಾಯಿಸಿದ. ನಾಯಿ ಹೋಗಿ ಬೆನ್ನು ಉಬ್ಬಿಸಿದ ಕರಿಬೆಕ್ಕು ಬಂತು. ದೂರದ ಸೇವಕಿಯರ ಬದಲು ಹೂಗೊಂಚಲು ಹಿಡಿದ ಸೇವಕಿ ಮಂಚದ ಪಕ್ಕಕ್ಕೇ ಬಂದಳು. ಬೆಚ್ಚಗಿನ ಮೈ ಬಿಳಿಚಿ ಚಪ್ಪಟೆಯಾಯಿತು. ಹಿಂದಿನ ಕೋಣೆಯನ್ನು ಪೂರ್ತಿ ಅಳಿಸಿದ. ಅಷ್ಟೆಲ್ಲ ಕಳೆದರೂ ಎಡಗಡೆಯ ಹಸಿರು ಪರದೆಯನ್ನೂ, ಬೆನ್ನ ಹಿಂದಿನ ಗಾಢ ತೆರೆಯನ್ನೂ, ಅದರ ಲಂಬ ಅಂಚನ್ನೂ ಉಳಿಸಿಕೊಂಡ. 1865ರಲ್ಲಿ ಪ್ಯಾರಿಸ್ಸಿನ ಸಲೊನ್ ಪ್ರದರ್ಶನದಲ್ಲಿ ಅದಕ್ಕೆ ಎದ್ದ ಗದ್ದಲ ಬೇರೆಯೇ ಕಥೆ. ನಿಮ್ಮ ಪ್ರಶ್ನೆಗೆ ಬೇಕಾದ ಸಾಕ್ಷ್ಯ ಇಷ್ಟು: ಈ ಚಿತ್ರದಿಂದ ಕಲಿತ ಇನ್ನೊಬ್ಬ ಮಹಾ ಚಿತ್ರಕಾರ ಸಂಕೇತಗಳನ್ನು ಬಿಟ್ಟ, ಆ ಗೆರೆಯನ್ನು ಬಿಡಲಿಲ್ಲ.

ಪ್ರಬಂಧ ಬರೆಯುವಾಗ ನಿಮ್ಮೆದುರು ಇರುವುದು ಅಚ್ಚಾದ ಚಿತ್ರ ಅಥವಾ ಮೊಬೈಲ್ ಪರದೆ. ಅಲ್ಲಿ ಮೊದಲು ಕೆಡುವುದು ಹಸಿರು ಮತ್ತು ಕಪ್ಪು. ಅಗ್ಗದ ಮುದ್ರಣದಲ್ಲಿ ಪರದೆಯೂ ಕಡುಭಾಗವೂ ಒಂದೇ ಮಸಿಯಾಗಿಬಿಡುತ್ತವೆ. ತಾಮ್ರದಿಂದ ಮಾಡಿದ ಹಸಿರು ಲೇಪಗಳು ಶತಮಾನಗಳಲ್ಲಿ ಕಂದಾಗುವುದೂ ಉಂಟು, ಹಾಗಾಗಿ ಈ ಕಾಲದ ಯಾವ ಚಿತ್ರದಲ್ಲಿಯೂ ಗಾಢ ಹಸಿರಿನ ಬಗ್ಗೆ ಬರೆಯುವಾಗ ಎಚ್ಚರ ಬೇಕು. ಉಫಿಜಿಯ ಜಾಲತಾಣದಲ್ಲಿರುವಂತಹ ಒಳ್ಳೆಯ ಛಾಯಾಚಿತ್ರವನ್ನು ದೊಡ್ಡದು ಮಾಡಿ, ಎಡಮೂಲೆಯ ಪರದೆಯ ಮಡಿಕೆಗಳು ಕಪ್ಪಿನಿಂದ ಬೇರೆಯಾಗಿ ಕಾಣುವವರೆಗೆ ನೋಡಿ. ಆಮೇಲೆ ಒಂದು ಕಾಗದದಿಂದ ಹಿಂದಿನ ಕೋಣೆಯನ್ನು ಮಾತ್ರ ಮುಚ್ಚಿ. ಹಾಸಿಗೆಯ ಕೆಂಪು ಏನಾಗುತ್ತದೆಂದು ಬರೆದುಕೊಳ್ಳಿ. ಕಾಗದವನ್ನು ಸರಿಸಿ ಕಪ್ಪನ್ನು ಮುಚ್ಚಿ. ಮುಖ ಏನಾಗುತ್ತದೆಂದು ಬರೆದುಕೊಳ್ಳಿ. ನಿಮ್ಮ ಪ್ರಬಂಧದ ಮೊದಲ ಎರಡು ಪುಟಗಳು ಆ ಟಿಪ್ಪಣಿಗಳಿಂದ ಹೊರಡಲಿ, ನಾಯಿ ಮತ್ತು ಗುಲಾಬಿ ಮೂರನೆಯ ಪುಟದಲ್ಲಿ ಬರಲಿ.